ತವರಿನ ಗಡಿಯಾರ

ನವಾಜ್ ಅಡುಗೆಮನೆಯ ಗೋಡೆಗೂ ಮೊಳೆ ಹೊಡೆಯಲು ಬಂದ ದಿನ ಅಂಬ್ರೀನ್ ಗಂಡನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಅಕ್ಕಿ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದಳು. ಜಗಲಿ, ನಡುಮನೆ, ಮಲಗುವ ಕೋಣೆ ಎಲ್ಲ ಕಡೆಯೂ ಗಡಿಯಾರಗಳೇ ತುಂಬಿವೆ, ಇನ್ನು ಒಲೆಯ ಎದುರೂ ಅವುಗಳ ಮುಖ ನೋಡಿಕೊಂಡು ರೊಟ್ಟಿ ಸುಡಲು ತನ್ನಿಂದಾಗದು ಎಂದಳು. ಗೋಡೆ ನಮ್ಮಪ್ಪ ಕಟ್ಟಿಸಿದ್ದು ಎಂದು ನವಾಜ್ ಅಂದ. ಗೋಡೆ ನಿಮ್ಮಪ್ಪನದೇ ಇರಲಿ, ಅದರ ಮೇಲೆ ನೇತಾಡುತ್ತಿರುವುದು ನನ್ನ ಕೊರಳಿನ ಸರ ಎಂದು ಅಂಬ್ರೀನ್ ಅಂದಳು. ಹೊಸ್ತಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಶಾಹಜಾದಿಗೆ ಮಗ ಸೊಸೆಯರ ಈ ಜಗಳ ಹೊಸದಲ್ಲ. ಸುತ್ತಿಗೆ ಅಕ್ಕಿ ಡಬ್ಬ ಸೇರಿದ್ದು ಮಾತ್ರ ಇದೇ ಮೊದಲು. ಮಧ್ಯಾಹ್ನ ಅನ್ನಕ್ಕಿಡಲು ಹೋದಾಗ ಅವಳೇ ಅದನ್ನು ಹೊರತೆಗೆದು ಸಿಲಿಂಡರಿನ ಹಿಂದೆ ಬಚ್ಚಿಟ್ಟಳು.

ಶಿರಾದ ಬಸ್ ನಿಲ್ದಾಣದ ಹತ್ತಿರ ಶಾಹಜಾದಿಯ ಗಂಡ ಬಾಷಾ ಸಾಬರ ಗಡಿಯಾರ ರಿಪೇರಿ ಅಂಗಡಿ ಇತ್ತು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಗಡೆ ಬಿದ್ದುಹೋಯಿತು, ಮಾತೂ ಹೋಯಿತು. ಕಿವಿ ಮತ್ತು ಬುದ್ಧಿ ಮಾತ್ರ ಚುರುಕಾಗಿಯೇ ಉಳಿದವು. ನಡುಮನೆಯ ಮಂಚದ ಮೇಲೆ ಮಲಗಿಕೊಂಡೇ ಮನೆಯವರ ಮಾತೆಲ್ಲ ಕೇಳುತ್ತಾ, ಎಡಗೈ ಎತ್ತಿ ಬೇಕು ಬೇಡ ತಿಳಿಸುತ್ತಾ ದಿನ ದೂಡುತ್ತಿದ್ದರು. ಊಟವನ್ನು ಹೆಂಡತಿಯ ಕೈಯಿಂದಲೇ ಮಾಡುತ್ತಿದ್ದರು. ಅಂಗಡಿಯನ್ನು ನವಾಜ್ ಸ್ವಲ್ಪ ದಿನ ನಡೆಸಿ ನೋಡಿದ. ಎಲ್ಲರ ಜೇಬಿನಲ್ಲೂ ಮೊಬೈಲು ಇರುವಾಗ ಗಡಿಯಾರ ರಿಪೇರಿಗೆ ಯಾರು ಬರುತ್ತಾರೆ? ಬಾಗಿಲು ಹಾಕಿ ಗೂಡ್ಸ್ ಆಟೋ ಹಿಡಿದ. ಅಷ್ಟಕ್ಕೇ ನಿಂತಿದ್ದರೆ ಮನೆ ತಣ್ಣಗಿರುತ್ತಿತ್ತು. ಆದರೆ ಸಾಮಾನು ಇಳಿಸಲು ಹೋದ ಮನೆಗಳಲ್ಲೆಲ್ಲ ಆ ಪುಣ್ಯಾತ್ಮನ ಕಣ್ಣು ಗೋಡೆಯ ಮೇಲೆಯೇ ಓಡಾಡುತ್ತಿತ್ತು.

ಅವನಿಗೆ ಬೇಕಾದದ್ದು ಲೋಲಕ ಆಡಿಸುವ ಅಜ್ಜನ ಕಾಲದ ಗಡಿಯಾರವೂ ಅಲ್ಲ. ಅರವತ್ತು ಎಪ್ಪತ್ತು ವರ್ಷದ ಹಿಂದೆ, ದೊಡ್ಡ ಯುದ್ಧ ಮುಗಿದ ಮೇಲೆ, ಹೊರದೇಶಗಳಲ್ಲಿ ಹೊಸ ತರದ ಮನೆ ಕಟ್ಟಿಕೊಂಡವರು ಹೊಸ ತರದ ಗಡಿಯಾರ ಮಾಡಿಸಿದರಂತೆ. ಅವಕ್ಕೆ ಅಂಕಿಯೇ ಇಲ್ಲ, ಅಂಕಿ ಇರುವ ಜಾಗದಲ್ಲಿ ಸಣ್ಣ ಗೀರುಗಳು. ಕೆಲವು ತಟ್ಟೆಯ ಹಾಗೆ ಬರಿದಾಗಿದ್ದರೆ, ಕೆಲವಕ್ಕೆ ಸುತ್ತಲೂ ಸೂರ್ಯನ ಕಿರಣದಂತೆ ಕಡ್ಡಿಗಳು. ಈ ಸೀಮೆಯಲ್ಲೂ ಇಂಜಿನಿಯರುಗಳ ಕ್ವಾರ್ಟರ್ಸು, ಪ್ರವಾಸಿ ಬಂಗಲೆ, ಸಾಹುಕಾರರ ಹಜಾರಗಳಲ್ಲಿ ಒಂದೊಂದು ನೇತಾಡಿ, ಆಮೇಲೆ ಗುಜರಿ ಸೇರಿದ್ದವು. ಹೊಳವನಹಳ್ಳಿಯ ಗುಜರಿ ಅಂಗಡಿಯಿಂದ ಒಂದನ್ನು ತಂದ. ತಿರುಮಣಿಯಲ್ಲಿ ಸೋಲಾರ್ ವಿದ್ಯುತ್ತಿಗೆ ಜಮೀನು ಗುತ್ತಿಗೆ ಕೊಟ್ಟವರು ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ಹೊರಗೆ ಹಾಕಿದ ಇನ್ನೊಂದನ್ನು ತಂದ. ತಂದ ಮೇಲೆ ಹಿಂದಿನ ಮುಚ್ಚಳ ಬಿಚ್ಚಿ, ಭೂತಗನ್ನಡಿ ಕಣ್ಣಿಗಿಟ್ಟುಕೊಂಡು, ಯಾರು ಮಾಡಿದ್ದು, ಯಾವ ಊರಿನದು, ಮುಳ್ಳು ಮೂಲದ್ದೋ ಬದಲಾಯಿಸಿದ್ದೋ ಎಂದು ಫೋಟೋ ತೆಗೆದು, ಮುಖ ಕಾಣದವರ ಜೊತೆ ಫೋನಿನಲ್ಲಿ ವಾದಕ್ಕೆ ಕೂರುತ್ತಿದ್ದ. ಹೆಚ್ಚಿನವು ಕಲಬೆರಕೆ: ಮೈ ಒಂದರದು, ಮುಳ್ಳು ಇನ್ನೊಂದರದು, ಮೆಷಿನ್ನು ಮತ್ತೊಂದರದು. ಅವನ್ನು ಯಾರೂ ಕೊಳ್ಳಲಿಲ್ಲ. ಒಳ್ಳೆಯದು ಒಂದೇ ಒಂದು ಸಿಗಲಿ, ನಿನ್ನ ಸರದ ಜೊತೆ ಬಳೆಯೂ ಬರುತ್ತದೆ ಎಂದು ಅಂಬ್ರೀನಳಿಗೆ ಮಾತು ಕೊಟ್ಟು, ಅವಳ ಮದುವೆಯ ಸರ ಮಾರಿಸಿದ್ದ. ಅವಳು ಬ್ಲೌಸು ಹೊಲಿದು ತರಕಾರಿ, ಹಾಲು, ಮಗಳು ಫರೀಹಾಳ ಸ್ಕೂಲು ಎಲ್ಲ ತೂಗಿಸುತ್ತಿದ್ದಳು.

ಆ ಒಳ್ಳೆಯದೊಂದು ಸಿಕ್ಕಿದ್ದು ಅವರದೇ ಮನೆಯ ಅಟ್ಟದಲ್ಲಿ.

ಹೆಂಚು ಸರಿಮಾಡಲು ಹತ್ತಿದ ನವಾಜ್ ಗೋಣಿಚೀಲದ ಕಟ್ಟೊಂದನ್ನು ಎದೆಗವಚಿಕೊಂಡು ಇಳಿದ. ಬಿಚ್ಚಿದರೆ ಗಡಿಯಾರ. ನಡುವೆ ಬಿಳಿಯ ಬಿಲ್ಲೆ, ಸುತ್ತ ತೇಗದ ಕಡ್ಡಿ ಒಂದು, ಹಿತ್ತಾಳೆ ಕಡ್ಡಿ ಒಂದು, ಹೀಗೆ ಸರದಿಯ ಮೇಲೆ. ಅದನ್ನು ಒರೆಸಿ, ಅಪ್ಪನ ಮಂಚದ ಎದುರಿಗೇ ನೇತುಹಾಕಿದ. ಅಬ್ಬಾ ಇಷ್ಟು ಚೆನ್ನಾಗಿರುವುದನ್ನು ತೆಗೆದಿಟ್ಟು ಹೇಳಲೇ ಇಲ್ಲವಲ್ಲ ಎಂದು ನಕ್ಕ. ಬಾಷಾ ಸಾಬ್ ನಗಲಿಲ್ಲ. ಅವರು ಹೆಂಡತಿಯ ಕಡೆ ನೋಡಿದರು.

ಶಾಹಜಾದಿಗೆ ಗಡಿಯಾರದ ಗುರುತು ಹತ್ತಿತು. ರಿಪೇರಿಗೆ ಕೊಟ್ಟು ಒಯ್ಯದೆ ಉಳಿದ ಗಡಿಯಾರಗಳನ್ನು ಬಾಷಾ ಸಾಬ್ ಜನ್ಮದಲ್ಲಿ ಮಾರಿದವರಲ್ಲ. ಅದು ಅಮಾನತ್ತು, ನಮ್ಮನ್ನು ನಂಬಿ ಇಟ್ಟದ್ದು, ಇಟ್ಟವನು ಬರುವವರೆಗೂ ಕಾಯಬೇಕು ಎನ್ನುತ್ತಿದ್ದರು. ಪ್ರತಿ ವರ್ಷ ಶಬೇ ಬರಾತಿನ ದಿನ, ಪಾಪ ಪುಣ್ಯದ ಲೆಕ್ಕ ಮೇಲೆ ಹೋಗುತ್ತದೆ ಎನ್ನುವ ಆ ದಿನ, ಅವನ್ನೆಲ್ಲ ಕೆಳಗಿಳಿಸಿ, ಧೂಳು ಕೊಡವಿ, ಒಂದೊಂದರದೂ ಒಡೆಯನ ಹೆಸರನ್ನು ಹೆಂಡತಿಗೆ ಹೇಳುತ್ತಿದ್ದರು. ನಾನು ಹೋದರೆ ನೀನು ಮುಟ್ಟಿಸಬೇಕು ಎನ್ನುತ್ತಿದ್ದರು. ಒಂದೊಂದಾಗಿ ಎಲ್ಲವೂ ಒಡೆಯರ ಮನೆ ಸೇರಿದ್ದವು. ಉಳಿದದ್ದು ಇದೊಂದೇ. ಬರಗೂರಿನ ಕುರಿಗಾಹಿ ಓಬಳಪ್ಪನದು. ನವಾಜ್ ಆಗೆಲ್ಲ ತುಮಕೂರಿನಲ್ಲಿ ಕೆಲಸಕ್ಕಿದ್ದವನು, ಅವನಿಗೆ ಇದರ ಗಂಧವೇ ಇರಲಿಲ್ಲ.

ಹೇಳಿಬಿಡಬೇಕೆಂದು ಶಾಹಜಾದಿ ಬಾಯಿ ತೆರೆದಳು. ಅಷ್ಟರಲ್ಲಿ ಅಂಬ್ರೀನ್ ಗಂಡನ ಮಾತಿಗೆ ಏನೋ ಅಂದು ನಕ್ಕಳು. ಎಷ್ಟು ತಿಂಗಳ ಮೇಲೆ ಆ ಹುಡುಗಿ ನಗುತ್ತಿದ್ದಳೋ. ಸಂಜೆ ತಾನಾಗಿಯೇ ಅವರೆಕಾಳು ಹಾಕಿ ಕೈಮಾ ಮಾಡಿ, ಗಂಡನ ತಟ್ಟೆಗೆ ಎರಡನೇ ಸಲ ಬಡಿಸಿದಳು. ಇವತ್ತೊಂದು ದಿನ ಮನೆ ನಗಲಿ, ನಾಳೆ ಹೇಳಿದರಾಯಿತು ಎಂದುಕೊಂಡು ಶಾಹಜಾದಿ ಸುಮ್ಮನಾದಳು. ಆ ನಾಳೆ ಬರಲೇ ಇಲ್ಲ.

ನವಾಜ್ ಆಟೋ ಬಿಟ್ಟು ಗಡಿಯಾರದ ಮುಂದೆ ಕೂತ. ಕಡ್ಡಿಗಳ ಅಳತೆ ತೆಗೆದ, ಸ್ಕ್ರೂಗಳ ತಲೆ ನೋಡಿದ, ಬಿಲ್ಲೆಯ ಬಣ್ಣ ಮೂಲದ್ದೇ ಎಂದು ಖಾತ್ರಿ ಮಾಡಿಕೊಂಡ. ಒಳಗಿನ ಮೆಷಿನ್ನಿನ ಮೇಲೆ ಒಂದು ಸಣ್ಣ ಮುದ್ರೆ ಬಿಟ್ಟರೆ ಎಲ್ಲೂ ಹೆಸರಿಲ್ಲ. ಆದರೂ ಹಳೇ ಕ್ಯಾಟಲಾಗುಗಳ ಚಿತ್ರಕ್ಕೆ ಹೋಲಿಸಿ ಹೋಲಿಸಿ, ಇದು ಜರ್ಮನಿಯ ಒಬ್ಬ ಹೆಂಗಸು ರೂಪಿಸಿದ್ದು, ಆಕೆಯ ಕೈಯವು ಲೋಕದಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ ಎಂದು ತೀರ್ಮಾನಕ್ಕೆ ಬಂದ. ಆಕೆಯ ಹೆಸರು ಶಾಹಜಾದಿಯ ನಾಲಿಗೆಗೆ ಹತ್ತಲಿಲ್ಲ. ಫರೀಹಾ ಮಾತ್ರ ಅಪ್ಪನಿಗಿಂತ ಚೆನ್ನಾಗಿ ಹೇಳುತ್ತಿದ್ದಳು.

ತುಮಕೂರಿನಿಂದ ನವೀನ್ ಕುಮಾರ್ ಎಂಬ ವ್ಯಾಪಾರಿ ಬಂದು ನೋಡಿದ. ಇಂಥವನ್ನು ಕೊಂಡು ಬೆಂಗಳೂರಿನ ಸಂಗ್ರಹಕಾರರಿಗೆ ದಾಟಿಸುವುದು ಅವನ ಕಸುಬು. ಮನುಷ್ಯ ಮೃದು, ಮಾತು ಖಡಕ್ಕು. ಲಕ್ಷಣವೆಲ್ಲ ಸರಿಯಾಗಿಯೇ ಇದೆ, ಆದರೆ ಸಹಿಯಿಲ್ಲ. ಇದು ಯಾರ ಗೋಡೆಯಿಂದ ಬಂತು, ಅವರಿಗೆ ಎಲ್ಲಿಂದ ಬಂತು ಎನ್ನುವುದು ತಿಳಿಯದಿದ್ದರೆ ಇದು ಆಕೆಯ ತರದ್ದು, ಅಷ್ಟೇ. ತಿಳಿದರೆ ಆಕೆಯದೇ. ಎರಡಕ್ಕೂ ಬೆಲೆಯಲ್ಲಿ ಭೂಮಿ ಆಕಾಶದ ಅಂತರ ಎಂದ. ಮನೆಯ ಹಿರಿಯರು ಯಾರಾದರೂ ಕ್ಯಾಮೆರಾ ಮುಂದೆ ಹೇಳಲಿ ಎಂದು ಹೋದ.

ಅದೇ ವಾರ ಮಧುಗಿರಿಯಿಂದ ಅಂಬ್ರೀನಳ ಅಣ್ಣ ಅಯಾಜ್ ಬಂದ. ಕೊಟ್ಟ ಚಹಾ ಮುಟ್ಟಲಿಲ್ಲ. ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿ, ಶಾಹಜಾದಿಗೆ ಹೇಳಿದ.

"ಶಬೇ ಬರಾತ್ ತನಕ ನೋಡ್ತೀನಮ್ಮ. ಅಷ್ಟ್ರೊಳಗೆ ಸರ ಬಂದ್ರೆ ಸರಿ. ಇಲ್ಲಾಂದ್ರೆ ತಂಗೀನೂ ಮಗೂನೂ ಕರ್ಕೊಂಡೋಗ್ತೀನಿ. ಈ ಗೋಡೆಗಳ್ನ ನೀವೇ ಮಡಿಕ್ಕಳಿ."

ಅಂಬ್ರೀನ್ ಬೇಡ ಎನ್ನಲಿಲ್ಲ. ಮಿಷನ್ನಿನ ಮೇಲೆ ಬಗ್ಗಿಕೊಂಡು ಹೊಲಿಯುತ್ತಲೇ ಇದ್ದಳು. ಅವಳು ಒಮ್ಮೆಯೂ ತಲೆ ಎತ್ತದಿದ್ದುದು ಕಂಡು, ಇದು ಅಣ್ಣನ ಮಾತಲ್ಲ, ತಂಗಿಯ ಮಾತೇ ಎಂದು ಶಾಹಜಾದಿಗೆ ಗೊತ್ತಾಯಿತು.

ನವಾಜ್ ಅಪ್ಪನ ಪಕ್ಕ ಕೂತು ಗಡಿಯಾರ ಎಲ್ಲಿಂದ ಬಂತೆಂದು ಮತ್ತೆ ಮತ್ತೆ ಕೇಳಿದ. ಬಾಷಾ ಸಾಬ್ ಎಡಗೈ ಎತ್ತಿ ಗಡಿಯಾರ ತೋರಿಸಿದರು, ಆಮೇಲೆ ಬೀದಿ ಬಾಗಿಲು ತೋರಿಸಿದರು. ಮತ್ತೆ ಗಡಿಯಾರ, ಮತ್ತೆ ಬಾಗಿಲು. ಕಣ್ಣಲ್ಲಿ ನೀರು ಬಂತು. ಹೊರಗಿನಿಂದ ಕೊಂಡು ತಂದಿರಾ ಎಂದು ಮಗ ಕೇಳಿದಾಗ ಕೈ ಹಾಸಿಗೆಗೆ ಬಡಿದರು. ಅಬ್ಬಾಗೆ ಸುಸ್ತಾಗಿದೆ ಎಂದು ನವಾಜ್ ಎದ್ದು ಅಮ್ಮನ ಹತ್ತಿರ ಬಂದ.

"ಅಮ್ಮೀ, ನಿನಗೇನಾದ್ರೂ ಗೊತ್ತಾ?"

ಶಾಹಜಾದಿಯ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಮಿಷನ್ನಿನ ಸದ್ದು ನಿಂತಿತ್ತು. ಅಂಬ್ರೀನ್ ಸೂಜಿ ಮೇಲೆತ್ತಿ ಅತ್ತೆಯನ್ನೇ ನೋಡುತ್ತಿದ್ದಳು. ಬಾಗಿಲ ಹತ್ತಿರ ಫರೀಹಾ ಸ್ಕೂಲು ಚೀಲ ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದಳು.

"ನಮ್ಮಪ್ಪನ ಮನೇದು ಕಣಪ್ಪ" ಎಂದಳು ಶಾಹಜಾದಿ. "ಮದ್ವೇಲಿ ನಂಗ್ ಕೊಟ್ಟಿದ್ದು."

ಅವಳ ಲೆಕ್ಕದಲ್ಲಿ ಇದು ಎಲ್ಲರ ಬಾಯಿ ಮುಚ್ಚಿಸುವ ಉತ್ತರ. ತವರಿನಿಂದ ಬಂದ ವಸ್ತು ಹೆಂಗಸಿನದು. ಪಾತ್ರೆಯೋ ಪೆಟ್ಟಿಗೆಯೋ, ಅದು ನನ್ನ ತವರಿನದು ಎಂದಳೆಂದರೆ ಅಲ್ಲಿಗೆ ಮುಗಿಯಿತು, ನಿಮ್ಮಪ್ಪ ಅದನ್ನು ಎಲ್ಲಿಂದ ತಂದ ಎಂದು ಇಡೀ ಶಿರಾದಲ್ಲಿ ಒಬ್ಬರೂ ಕೇಳುವುದಿಲ್ಲ. ಗಡಿಯಾರದ ಲೋಕದಲ್ಲಿ ಕೇಳುವುದೇ ಅದನ್ನು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನವಾಜ್ ಕುಣಿದ. ಪಾವಗಡದಲ್ಲಿದ್ದ ನಿನ್ನಪ್ಪ, ನಮ್ಮ ನಾನಾ, ಶೇಂಗಾ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿ ಬರುತ್ತಿದ್ದರಲ್ಲ, ಅಲ್ಲೇ ಯಾರೋ ಜರ್ಮನಿಯವರಿಂದ ಕೊಂಡಿರಬೇಕು ಅಲ್ಲವಾ ಎಂದ. ಶಾಹಜಾದಿ ಹೂಂ ಎಂದಳು. ಫೋನು ಹಿಡಿದು, ಗಡಿಯಾರದ ಕೆಳಗೆ ಅಮ್ಮನನ್ನು ಕೂರಿಸಿ, ಅದನ್ನೇ ಇನ್ನೊಮ್ಮೆ ಹೇಳಿಸಿದ. ಅವಳು ಸೆರಗು ಸರಿಮಾಡಿಕೊಂಡು, ತಡವರಿಸದೆ ಹೇಳಿದಳು. ಎದುರಿನ ಮಂಚದಲ್ಲಿ ಬಾಷಾ ಸಾಬ್ ಕಣ್ಣು ಮುಚ್ಚಿಕೊಂಡಿದ್ದರು.

ಆ ಸಂಜೆ ಅವಳು ಗಂಜಿ ತಂದು ಚಮಚ ಬಾಯಿಗಿಟ್ಟರೆ ಅವರು ಹಲ್ಲು ಕಚ್ಚಿಕೊಂಡರು. ಬಿಸಿಯಾಯಿತೇನೋ ಎಂದು ಊದಿ ಆರಿಸಿದಳು. ಹಲ್ಲು ಬಿಡಲಿಲ್ಲ. ಗಂಜಿ ಗಲ್ಲದ ಮೇಲೆ ಹರಿದು ಕುತ್ತಿಗೆಗೆ ಇಳಿಯಿತು. ಒರೆಸಲು ಹೋದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಬೆಳಿಗ್ಗೆಯೂ ಅದೇ, ಮಧ್ಯಾಹ್ನವೂ ಅದೇ. ನಲವತ್ತು ವರ್ಷ ಅವಳ ಅಡುಗೆಗೆ ಉಪ್ಪು ಕಮ್ಮಿ ಎಂದೂ ಅನ್ನದ ಮನುಷ್ಯ.

ಫರೀಹಾ ನೀರು ಕೊಟ್ಟರೆ ಎರಡು ಗುಟುಕು ಕುಡಿದರು. ಹಾಲು ಕೊಟ್ಟರೆ ಬಾಯಿ ಬಿಗಿದರು. ಬೀದಿಯ ಕೊನೆಯ ಡಾಕ್ಟರು ಬಂದು ಗಂಟಲಲ್ಲಿ ಏನೂ ತೊಂದರೆಯಿಲ್ಲ, ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದರು. ಮುದುಕರ ಹಟ ಎಂದಳು ಅಂಬ್ರೀನ್, ಆದರೂ ಮಾವನಿಗೆಂದು ಬಾಳೆಹಣ್ಣು ಕಿವುಚಿ, ಶಾವಿಗೆ ಪಾಯಸ ಮಾಡಿ, ಕೋಳಿ ಸೂಪು ಮಾಡಿ ಒಂದೊಂದೇ ಕಳಿಸಿದಳು. ಎಲ್ಲ ಹಾಗೇ ವಾಪಸು ಬರುತ್ತಿದ್ದವು. ವಾಪಸು ಬಂದದ್ದನ್ನು ಶಾಹಜಾದಿ ಅಡುಗೆಮನೆಯ ಮೂಲೆಯಲ್ಲಿ ಕೂತು ತಾನೇ ತಿನ್ನುತ್ತಿದ್ದಳು, ಚೆಲ್ಲಿದರೆ ಸೊಸೆ ನೊಂದುಕೊಳ್ಳುತ್ತಾಳೆಂದು. ಗಂಡನ ಕೆನ್ನೆಯ ಮೂಳೆ ದಿನದಿನಕ್ಕೆ ಮೇಲೆ ಬರುತ್ತಿತ್ತು. ಕಾಯಿಲೆ ಏನೆಂದು ಗೊತ್ತಿದ್ದವಳು ಮನೆಯಲ್ಲಿ ಅವಳೊಬ್ಬಳೇ, ಮದ್ದು ಗೊತ್ತಿದ್ದವಳೂ ಅವಳೇ. ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವರ ಕಿವಿಯ ಹತ್ತಿರ ಬಗ್ಗಿದಳು.

"ನಿಜ ಹೇಳಿದ್ರೆ ಹುಡ್ಗಿ ಹೊರಟೋಗ್ತಾಳೆ. ಮಗು ಹೋಗ್ತಾಳೆ. ನವಾಜ್ ಬದುಕ್ತಾನಾ? ನೀವೇ ಹೇಳ್ರಿ, ಏನ್ ಮಾಡ್ಲಿ?"

ಬಾಷಾ ಸಾಬ್ ಎಡಗೈ ಎತ್ತಿದರು. ಅವಳ ತಲೆ ಸವರುತ್ತಾರೇನೋ ಎಂದುಕೊಂಡಳು. ಕೈ ಅವಳ ತಲೆ ದಾಟಿ ಬಾಗಿಲನ್ನು ತೋರಿಸಿತು.

ಮರುದಿನ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆಂದು ಹೇಳಿ ಬುರ್ಖಾ ಹಾಕಿಕೊಂಡು ಬರಗೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದು ಉಪಾಯ ಹೊಂದಿಸಿಕೊಂಡಳು. ಓಬಳಪ್ಪನ ಕಾಲು ಹಿಡಿದಾದರೂ, ಆ ಗಡಿಯಾರ ನಾವು ಬಳಸಿಕೊಂಡೆವು, ಮಾಫ್ ಮಾಡಿದೆ ಅನ್ನು ಎಂದು ಕೇಳುವುದು. ಅವನು ಬಿಟ್ಟೆ ಎಂದರೆ ಅಮಾನತ್ತಿನ ಭಾರ ಇಳಿಯಿತು. ಗಂಡ ಊಟ ಮಾಡುತ್ತಾರೆ, ಗಡಿಯಾರ ಮಾರಾಟವಾಗುತ್ತದೆ, ಸೊಸೆ ಉಳಿಯುತ್ತಾಳೆ. ಅದರ ಬೆಲೆ ಎಷ್ಟೆಂದು ಮಾತ್ರ ಅವನಿಗೆ ಹೇಳದಿದ್ದರಾಯಿತು. ದೇವರಿಗೂ ಮನುಷ್ಯರಿಗೂ ಒಟ್ಟಿಗೇ ಮೋಸ ಮಾಡಲು ಹೊರಟ ಅವಳಿಗೆ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕಿದ್ದೂ ಒಳ್ಳೆಯ ಶಕುನವಾಗಿ ಕಂಡಿತು.

ಓಬಳಪ್ಪ ಸತ್ತು ವರ್ಷಗಳೇ ಆಗಿದ್ದವು. ಅವನ ಹೆಂಡತಿ ಪುಟ್ಟಕ್ಕ ಹಟ್ಟಿಯ ಮುಂದೆ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಬಾಷಾ ಸಾಬರ ಹೆಂಡತಿ ಎಂದದ್ದೇ ತಡ, ಸೆರಗಲ್ಲಿ ಕೈ ಒರೆಸಿಕೊಂಡು ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟಳು. ಗಡಿಯಾರದ ಮಾತೆತ್ತಿದರೆ ಅವಳೇ ನೆನಪು ಮಾಡಿಕೊಂಡು ಹೇಳತೊಡಗಿದಳು. ಯಾವುದೋ ಚಕ್ರ ಮುರಿದಿದೆ, ಬೊಂಬಾಯಿಯಿಂದ ತರಿಸಬೇಕು ಎಂದು ಬಾಷಾ ಸಾಬರು ಅಂದಿದ್ದರಂತೆ. ಅಷ್ಟರಲ್ಲಿ ಬರ ಬಂತು, ಯಜಮಾನರು ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದರು. ವಾಪಸು ಬರುವುದರೊಳಗೆ ವರ್ಷಗಳಾದವು. ಗುಡಿಸಿಲಿನ ಗೋಡೆ ಗಡಿಯಾರ ತಡೆಯುವಂತಿರಲಿಲ್ಲ. ಮನೆ ಕಟ್ಟಿಸಿದ ಮೇಲೆ ತರೋಣ ಅಂದರು. ಮನೆ ಕಟ್ಟಿಸುವ ಮೊದಲು ಅವರೇ ಹೋದರು.

"ಆಮೇಲೆ ಯಾಕ್ ಬರ್ಲಿಲ್ಲ ನೀವು?" ಶಾಹಜಾದಿ ಕೇಳಿದಳು. ನಮಗೆ ಬೇಡವಾಗಿತ್ತು ಎಂಬ ಒಂದು ಮಾತಿಗಾಗಿ ಅವಳ ಜೀವ ಬಾಯಿಗೆ ಬಂದಿತ್ತು.

"ಅವಸ್ರ ಏನಿತ್ತವ್ವ? ಬಾಸಾ ಸಾಬ್ರತ್ರ ಐತೆ ಅಂದ್ರೆ ನಮ್ಮನೇಲೇ ಇದ್ದಂಗೆ ಬುಡು, ಅಂತಿದ್ರು ನಮ್ ಯಜಮಾನ್ರು. ಸಾಯೋ ವಾರ್ದಾಗೂ ಅದೇ ಅಂದ್ರು. ಈಗ ಮಗ ಮನೆ ಕಟ್ಟವ್ನೆ. ನೀವೇ ಹುಡಿಕ್ಕಂಡು ಬಂದ್ರಿ ನೋಡ್ರಿ."

ಶಾಹಜಾದಿ ಮಜ್ಜಿಗೆ ಲೋಟ ಕೆಳಗಿಟ್ಟಳು. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಅಲ್ಲೇ ಸತ್ತಿತು. ಬಂದು ತಗೊಂಡೋಗಿ ಎಂದಷ್ಟೇ ಅವಳ ಬಾಯಿಂದ ಬಂತು. ಸಂತೆಯ ದಿನ ಮಗ ಚಿಕ್ಕರಾಜು ಕುರಿ ಮಾರಲು ಶಿರಾಕ್ಕೆ ಬರುತ್ತಾನೆ, ಅವನ ಜೊತೆ ಬರುತ್ತೇನೆ ಎಂದಳು ಪುಟ್ಟಕ್ಕ.

ಮನೆಗೆ ಬಂದರೆ ಅಂಬ್ರೀನ್ ಎದುರಿಗೇ ಬಂದು ಅತ್ತೆಯ ಕೈ ಹಿಡಿದಳು. ನವೀನ್ ಕುಮಾರನಿಗೆ ವಿಡಿಯೋ ಒಪ್ಪಿಗೆಯಾಗಿದೆ, ಬೊಂಬಾಯಿಯ ಕತೆ ಸ್ವಲ್ಪ ತೆಳುವಾಯಿತು ಅಂದನಂತೆ, ಆದರೂ ಪರವಾಗಿಲ್ಲ, ಸಂತೆ ದಿನ ದುಡ್ಡು ತೆಗೆದುಕೊಂಡೇ ಬರುತ್ತಾನೆ ಎಂದಳು. ನಿಮ್ಮಿಂದ ನನ್ನ ಸಂಸಾರ ಉಳಿಯಿತು ಅಮ್ಮಿ ಎಂದಳು. ಶಾಹಜಾದಿಗೆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಸಂತೆಯವರೆಗಿನ ದಿನಗಳಲ್ಲಿ ಅವಳು ಎಷ್ಟೋ ಸಲ ಹೇಳಹೋದಳು. ಒಮ್ಮೆ ಸೊಸೆ ಮಗಳಿಗೆ ಜಡೆ ಹಾಕುತ್ತಾ ಗುನುಗುತ್ತಿದ್ದಳು. ಒಮ್ಮೆ ನವಾಜ್ ಕೆಲಸಕ್ಕೆ ಬಾರದ ಗಡಿಯಾರಗಳನ್ನು ತಾನಾಗಿಯೇ ಗೋಡೆಯಿಂದ ಇಳಿಸುತ್ತಿದ್ದ, ಇನ್ನು ಸಾಕು, ಬಸ್ ನಿಲ್ದಾಣದ ಅಂಗಡಿ ಮತ್ತೆ ತೆರೆಯುತ್ತೇನೆ ಎನ್ನುತ್ತಿದ್ದ. ಹೇಡಿ ನಾನು ಎಂದು ತನ್ನನ್ನೇ ಬೈದುಕೊಂಡು ಅವಳು ಪಾತ್ರೆ ತಿಕ್ಕಲು ಹೋಗುತ್ತಿದ್ದಳು.

ಸಂತೆಯ ದಿನ ಅಂಬ್ರೀನ್ ಎಲ್ಲರಿಗೂ ಎಂದು ದೊಡ್ಡ ಪಾತ್ರೆ ತುಂಬ ಅಕ್ಕಿ ಬೇಳೆ ಹಾಕಿ ಖಿಚಡಿ ಮಾಡಿದಳು, ಮಾವನಿಗೂ ಮೆತ್ತಗಿರಲಿ ಎಂದು. ನವೀನ್ ಕುಮಾರ್ ಬಂದು ಕೂತ. ಗಡಿಯಾರವನ್ನು ಇಳಿಸಿ ಚಾದರದ ಮೇಲೆ ಮಲಗಿಸಿದ್ದರು. ಮಾತು ಮುಗಿದು ಚಹಾ ಬರುವಷ್ಟರಲ್ಲಿ ಬೀದಿ ಬಾಗಿಲಲ್ಲಿ ಪುಟ್ಟಕ್ಕನೂ ಹೆಗಲ ಮೇಲೆ ಕಂಬಳಿ ಹೊದ್ದ ಚಿಕ್ಕರಾಜುವೂ ನಿಂತರು.

"ಇವ್ರು ಬರಗೂರಿನವ್ರು" ಎಂದಳು ಶಾಹಜಾದಿ. "ಗಡಿಯಾರ ಇವ್ರುದು. ರಿಪೇರಿಗೆ ಕೊಟ್ಟಿದ್ರು. ಅಮಾನತ್ತು."

ನವಾಜನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಫೋನು ತೆಗೆದು ವಿಡಿಯೋ ಹಚ್ಚಿ ಪುಟ್ಟಕ್ಕನ ಮುಂದೆ ಹಿಡಿದ. ನಮ್ಮಪ್ಪನ ಮನೆಯದು, ಮದುವೆಯಲ್ಲಿ ನನಗೆ ಕೊಟ್ಟದ್ದು ಎಂದು ಅದರೊಳಗಿನ ಶಾಹಜಾದಿ ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದಳು. ಪುಟ್ಟಕ್ಕ ಫೋನು ನೋಡಿದಳು, ಎದುರಿಗೆ ನಿಂತವಳನ್ನು ನೋಡಿದಳು.

"ಸುಳ್ಳು ಅದು" ಎಂದಳು ಶಾಹಜಾದಿ. "ನಾನೇ ಹೇಳಿದ ಸುಳ್ಳು. ನಮ್ಮಪ್ಪನ ಮನೇಲಿ ಗಡಿಯಾರಾನೇ ಇರ್ಲಿಲ್ಲ. ಮಸೀದಿ ಬಾಂಗ್ ಕೇಳ್ಕಂಡು ಹೊತ್ತು ತಿಳ್ಕಂತಿದ್ವಿ."

ನವೀನ್ ಕುಮಾರ್ ಚೀಲ ಹೆಗಲಿಗೇರಿಸಿ ಎದ್ದ. ಎರಡು ಕತೆ ಇರುವ ಮಾಲು ತನಗೆ ಬೇಡ, ನಾಳೆ ಕೋರ್ಟು ಕಚೇರಿ ಯಾರು ಅಲೆಯುವುದು ಎಂದ. ಹೋಗುವ ಮೊದಲು, ಬರೀ ಕುತೂಹಲಕ್ಕೆ, ಕುರಿ ಕಾಯುವವರ ಮನೆಗೆ ಇದು ಹೇಗೆ ಬಂತೆಂದು ಪುಟ್ಟಕ್ಕನನ್ನು ಕೇಳಿದ.

ಪುಟ್ಟಕ್ಕ ಹೇಳಿದಳು. ತಾನು ಮದುವೆಯಾಗಿ ಬರುವ ಮೊದಲಿನ ಮಾತು. ಕುರಿ ತಳಿ ಸುಧಾರಿಸಲು ಜರ್ಮನಿಯಿಂದ ದೊರೆಯೊಬ್ಬರು ಬಂದು ಬಂಗಲೆ ಮಾಡಿಕೊಂಡಿದ್ದರು. ಓಬಳಪ್ಪ ಆಗ ಚಿಕ್ಕವನು, ಅವರ ಜೊತೆ ಹಟ್ಟಿ ಹಟ್ಟಿ ತಿರುಗಿ ಕುರಿ ತೋರಿಸುತ್ತಿದ್ದ. ಅವರು ತಮ್ಮ ಊರಿಂದ ಹಡಗಿನಲ್ಲಿ ಮನೆಯ ಸಾಮಾನೆಲ್ಲ ತಂದಿದ್ದರು, ಇದೂ ಅದರೊಳಗೆ ಒಂದು. ವಾಪಸು ಹೋಗುವಾಗ ನೆನಪಿಗಿರಲಿ ಎಂದು ಓಬಳಪ್ಪನ ಕೈಗೆ ಕೊಟ್ಟು ಹೋದರು.

ನವಾಜ್ ಚಾದರದ ಮೇಲೆ ಮಂಡಿಯೂರಿ ಮುಂದಕ್ಕೆ ಬಂದಿದ್ದ.

"ಜರ್ಮನಿಯಿಂದಾನೇ ಬಂತಾ? ಜರ್ಮನಿಯಲ್ಲಿ ಯಾವ ಊರು ಅಂತ ಏನಾರಾ ಹೇಳ್ತಿದ್ರಾ?"

ಊರು ಗೊತ್ತಿಲ್ಲ, ದೊಡ್ಡ ಕಾಡಂತೆ, ಮನೆಮನೆಯಲ್ಲೂ ಗಡಿಯಾರ ಮಾಡುತ್ತಾರಂತೆ ಎಂದು ಯಜಮಾನರು ಹೇಳುತ್ತಿದ್ದರು ಎಂದಳು ಪುಟ್ಟಕ್ಕ. ಆ ಹೆಂಗಸಿನ ಗಡಿಯಾರಗಳು ತಯಾರಾದದ್ದೂ ಅದೇ ಕಾಡಿನ ಸೀಮೆಯಲ್ಲಿ. ನವೀನ್ ಕುಮಾರ್ ಎದ್ದವನು ಮತ್ತೆ ಕೂತ.

"ನೀವ್ ಹೇಳಿದ್ದೇ ಸರಿ ನವಾಜ್. ಮೊದಲ್ನೇ ದಿನದಿಂದ್ಲೂ ನೀವ್ ಹೇಳಿದ್ದೇ ಸರಿ. ಇದು ಆಕೇದೇ."

ನವಾಜನ ಮುಖ ಅರಳಿತು. ಬದುಕಿನಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಇಷ್ಟು ವರ್ಷ ಭೂತಗನ್ನಡಿ ಹಿಡಿದು ಕೂತದ್ದಕ್ಕೆ, ನಗೆಪಾಟಲಾದದ್ದಕ್ಕೆ, ಸರ ಮಾರಿದ್ದಕ್ಕೆ ಸಿಕ್ಕ ಒಂದೇ ಒಂದು ಮಾತು ಅದು. ಅವನು ಹೆಂಡತಿಯ ಕಡೆ ತಿರುಗಿ ನಕ್ಕ. ನಗುತ್ತಿದ್ದ ಹಾಗೆಯೇ, ನವೀನ್ ಕುಮಾರ್ ತನ್ನ ಕುರ್ಚಿಯನ್ನು ಚಿಕ್ಕರಾಜುವಿನ ಕಡೆ ತಿರುಗಿಸಿಕೊಂಡು ಫೋನ್ ನಂಬರು ಕೇಳುತ್ತಿದ್ದುದು ಅವನಿಗೆ ಕಾಣಿಸಿತು. ಮಗನ ಮುಖದಿಂದ ಆ ನಗು ಇಳಿದುಹೋಗುವುದನ್ನು ನೋಡಲಾರದೆ ಶಾಹಜಾದಿ ಸೆರಗು ಬಾಯಿಗೆ ತುರುಕಿಕೊಂಡಳು.

ಅಂಬ್ರೀನ್ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅವಳು ಕೂಗಲಿಲ್ಲ.

"ನಿಮ್ ಗಂಡನ್ ಮಾತು ಉಳಿಸಿದ್ರಿ ಅಮ್ಮಿ. ನನ್ ಗಂಡ ನನಗ್ ಕೊಟ್ಟಿದ್ದ ಮಾತು? ನನ್ ಸರಾನೂ ನಿಮ್ ಮನೇನ ನಂಬಿ ಇಟ್ಟಿದ್ದೇ ಅಲ್ವಾ? ಅದು ಅಮಾನತ್ತಲ್ವಾ?"

ಶಾಹಜಾದಿ ಮಂಚದ ಕಡೆ ತಿರುಗಿದಳು. ಆ ಮನೆಯಲ್ಲಿ ಉತ್ತರ ಗೊತ್ತಿದ್ದ ಒಬ್ಬರಿಗೆ ಮಾತು ಇರಲಿಲ್ಲ.

ಚಿಕ್ಕರಾಜು ಗಡಿಯಾರ ಎತ್ತಲು ಬಗ್ಗಿ ಕಡ್ಡಿಗೆ ಕೈ ಹಾಕಿದ. ನವಾಜ್ ಅವನ ಕೈ ತಡೆದ. ಕಡ್ಡಿ ಹಿಡಿದು ಎತ್ತಬಾರದು, ಬೆಸುಗೆ ಬಿಡುತ್ತದೆ, ಹಿಂದಿನಿಂದ ಎರಡೂ ಅಂಗೈ ಕೊಟ್ಟು ಎತ್ತಬೇಕು ಎಂದು ತೋರಿಸಿಕೊಟ್ಟ. ಅವಸರಕ್ಕೆ ಬಿದ್ದು ಮೊದಲು ಬಂದವನಿಗೇ ಕೊಡಬೇಡಿ, ನಾಲ್ಕು ಕಡೆ ವಿಚಾರಿಸಿ ಎಂದೂ ಹೇಳಿದ. ತನ್ನ ಹಳೇ ಚಾದರದಲ್ಲೇ ಸುತ್ತಿ ಕೊಟ್ಟ. ಪುಟ್ಟಕ್ಕ ಮಂಚದ ಹತ್ತಿರ ಹೋಗಿ ಬಾಷಾ ಸಾಬರಿಗೆ ಕೈ ಮುಗಿದಳು. ಅವರ ಎಡಗೈ ಎದೆಯ ಮೇಲೆ ಹೋಗಿ ನಿಂತಿತು.

ಶಬೇ ಬರಾತಿಗೆ ಇನ್ನೂ ದಿನವಿತ್ತು. ಆದರೂ ಅಂಬ್ರೀನ್ ಫೋನು ಮಾಡಿದಳು, ಸಂಜೆಗೆ ಅಯಾಜ್ ವ್ಯಾನು ತಂದ. ಜಗಳವೇನೂ ಆಗಲಿಲ್ಲ. ಹೊಲಿಗೆ ಮಿಷನ್ನನ್ನು ನವಾಜನೇ ಹೊತ್ತುಕೊಂಡು ಹೋಗಿ ವ್ಯಾನಿಗೆ ಇಟ್ಟ. ಫರೀಹಾ ತಾತನ ಕೆನ್ನೆಗೆ ಕೆನ್ನೆ ಒತ್ತಿ, ಅಜ್ಜಿಯ ಕಡೆ ನೋಡದೆ ಓಡಿಹೋದಳು. ವ್ಯಾನು ತಿರುವು ದಾಟಿದ ಮೇಲೂ ನವಾಜ್ ಬೀದಿಯಲ್ಲೇ ನಿಂತಿದ್ದ. ಶಾಹಜಾದಿ ಊಟಕ್ಕೆ ಕರೆದಳು. ಅವನು ತಿರುಗಿಯೂ ನೋಡದೆ ಆಟೋ ಹತ್ತಿ ಎತ್ತಲೋ ಹೋದ.

ಅವಳು ಖಿಚಡಿ ಬಿಸಿಮಾಡಿ, ತುಪ್ಪ ಬಿಟ್ಟು, ಬಟ್ಟಲಿಗೆ ಹಾಕಿಕೊಂಡು ಮಂಚದ ಪಕ್ಕ ಕೂತಳು. ಚಮಚ ಮುಂದೆ ಮಾಡುವ ಮೊದಲೇ ಬಾಷಾ ಸಾಬ್ ಬಾಯಿ ತೆರೆದರು. ಎಷ್ಟು ಹಸಿದಿದ್ದರೋ, ಅಗಿಯದೆ ನುಂಗುತ್ತಿದ್ದರು, ಕಣ್ಣೀರು ಅನ್ನದ ಜೊತೆ ಬಾಯೊಳಗೆ ಹೋಗುತ್ತಿತ್ತು. ಅವಳೂ ಅಳುತ್ತಾ ಒಂದೊಂದೇ ತುತ್ತು ಇಟ್ಟಳು. ಬಟ್ಟಲು ಖಾಲಿಯಾಯಿತು. ಅವರು ಎಡಗೈ ಎತ್ತಿ ಅಡುಗೆಮನೆಯ ಕಡೆ ತೋರಿಸಿದರು, ಇನ್ನಷ್ಟು ಬೇಕೆಂದು.

ಶಾಹಜಾದಿ ಎದ್ದು ಒಳಗೆ ಹೋದಳು. ಐದು ಜನಕ್ಕೆಂದು ಅಂಬ್ರೀನ್ ಮಾಡಿಟ್ಟ ಖಿಚಡಿ ಪಾತ್ರೆಯಲ್ಲಿ ಹಾಗೇ ಇತ್ತು. ಅವಳು ಸೌಟು ತುಂಬ ತೆಗೆದು ಗಂಡನ ಬಟ್ಟಲಿಗೆ ಹಾಕಿದಳು, ಇನ್ನೊಂದು ಸೌಟು ಹಾಕಿದಳು. ಯಾರಿಗೂ ಉಳಿಸುವ ಅಗತ್ಯವಿರಲಿಲ್ಲ.